ಮಗುಚಿಟ್ಟ ಬಕೆಟ್ಟು

ಕುದುರೆ ಕಂಡರೆ ಕಾಲುನೋವು ಅನ್ನುತ್ತಾರೆ. ಕುದುರೆ ಸಾಕುವ ಮನೆಗೆ ಸೊಸೆಯಾಗಿ ಬಂದರೆ ಸೊಂಟ, ರಟ್ಟೆ, ಹಿಮ್ಮಡಿ ಎಲ್ಲವೂ ನೋಯುತ್ತವೆ. ಅದಕ್ಕೆ ಯಾರೂ ಗಾದೆ ಕಟ್ಟಿಲ್ಲ, ನಾನೇ ಕಟ್ಟಬೇಕೇನೋ.

ನಾನು ಶಾಹೀನ್, ಹೊಸದುರ್ಗದವಳು. ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿಗಳ ಹಿಂದೆ ನಮ್ಮ ಲಾಯ. ಮಾವ ಜಮಾಲ್ ಸಾಬ್ ಒಂದು ಕಾಲಕ್ಕೆ ಬಸ್‌ಸ್ಟ್ಯಾಂಡಿನ ಮುಂದೆ ಜಟಕಾ ಹೊಡೆದವರು. ಆಟೋ ಬಂದವು, ಜಟಕಾ ಹೋಯಿತು, ಕುದುರೆ ಮಾತ್ರ ಉಳಿದವು. ಈಗ ಮದುವೆ ಮೆರವಣಿಗೆಗೆ ಕಳಿಸುತ್ತೇವೆ. ನನ್ನ ಗಂಡ ಹಫೀಜ್ ಅವನ್ನು ವ್ಯಾನಿಗೆ ಹತ್ತಿಸಿಕೊಂಡು ಐಮಂಗಲ, ಮತ್ತೋಡು, ಹೊಳಲ್ಕೆರೆ ಅಂತ ತಿರುಗುತ್ತಾನೆ. ಮದುಮಗ ಮೇಲೆ ಕೂತು ಫೋಟೋ ಹೊಡೆಸಿಕೊಳ್ಳುತ್ತಾನೆ. ಕುದುರೆಯ ಹೊಟ್ಟೆಯಿಂದ ಕೆಳಕ್ಕೆ ಬೀಳುವುದೆಲ್ಲ ನನ್ನ ಪಾಲು.

ಬೆಳಗಾದರೆ ಲದ್ದಿ ಬಾಚಬೇಕು. ನಾವು ನೆಲಕ್ಕೆ ಹಾಸುವುದು ಹುಲ್ಲಲ್ಲ, ಮಂಡಿಯ ಹಿಂದೆ ಬೇಕಾದಷ್ಟು ಬಿದ್ದಿರುವ ತೆಂಗಿನ ನಾರಿನ ಪುಡಿ. ಒದ್ದೆಯಾದದ್ದನ್ನು ತೆಗೆದು ಒಣಗಿದ್ದನ್ನು ಹರಡಬೇಕು. ಆಮೇಲೆ ತೊಟ್ಟಿಗೆ ನೀರು, ಕುದುರೆಮಸಾಲೆ ಸೊಪ್ಪು, ಗೊರಸಿನ ಸಂದಿಯ ಕಲ್ಲು ಕೀಳುವುದು, ಮೈ ತಿಕ್ಕುವುದು. ನಾಲ್ಕು ಕುದುರೆಗೂ ಮುಗಿಸಿ ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೆ ಮೊದಲನೆಯದು ನನ್ನನ್ನೇ ನೋಡುತ್ತಾ ಮತ್ತೆ ಲದ್ದಿ ಹಾಕುತ್ತದೆ.

ಹುರುಳಿಯದು ಮಾತ್ರ ಬೇರೆ ಕಟ್ಟಳೆ. ಉಗ್ರಾಣದ ಬೀಗದ ಕೈ ಅತ್ತೆ ಜೈಬುನ್ನೀಸಾ ಅವರ ಸೊಂಟದಲ್ಲಿ. ಅವರು ಅಳೆದು ಕೊಡುತ್ತಾರೆ, ನಾನು ನೆನೆಹಾಕಿ ಬೇಯಿಸಿ ಲಾಯಕ್ಕೆ ತಂದಿಡುತ್ತೇನೆ, ತಿನ್ನಿಸುವುದು ಮಾವನ ಕೈಯೊಂದೇ. ಅವರ ಅಪ್ಪನ ಕಾಲದಲ್ಲಿ ಒಂದೇ ಕುದುರೆಗೆ ಗೊತ್ತಿಲ್ಲದೆ ಇಬ್ಬರು ಹುರುಳಿ ಹಾಕಿ, ಅದು ಹೊಟ್ಟೆ ಉಬ್ಬಿ ಸತ್ತಿತಂತೆ. ಅಂದಿನಿಂದ ಈ ಮನೆಯಲ್ಲಿ ಹುರುಳಿಗೆ ಒಂದೇ ಕೈ. ಕುದುರೆ ತಿಂದ ಮೇಲೆ ಅದರ ಬಕೆಟ್ಟನ್ನು ಮಗುಚಿಡಬೇಕು. ಮಗುಚಿಟ್ಟ ಬಕೆಟ್ಟಿನ ಕುದುರೆ ಎಷ್ಟೇ ಕೆನೆಯಲಿ, ಯಾರೂ ಒಂದು ಕಾಳು ಹಾಕುವಂತಿಲ್ಲ. ಮದುವೆಯಾಗಿ ಬಂದ ಮೊದಲ ವಾರವೇ ಮಾವ ನನಗೆ ಇದನ್ನು ಹೇಳಿಕೊಟ್ಟರು. ಕುದುರೆಯ ಮೂತಿಗೆ ಮೂಗಿಟ್ಟು, ಅದು ತಿಂದದ್ದು ಹುರುಳಿಯೋ ಸೊಪ್ಪೋ ಅಂತ ಮೂಸಿ ತಿಳಿಯುವುದನ್ನೂ ಹೇಳಿಕೊಟ್ಟರು. ನನ್ನಪ್ಪ ಕೂಡ ನನಗೆ ಅಷ್ಟು ತಾಳ್ಮೆಯಿಂದ ಏನನ್ನೂ ಕಲಿಸಿರಲಿಲ್ಲ.

ಈ ಸಲ ಮದುವೆಯ ಕಾಲ ಶುರುವಾದಾಗಿನಿಂದ ಚಾಂದನಿ ಇಳಿಯತೊಡಗಿದಳು. ಬಿಳಿ ಹೆಣ್ಣು ಕುದುರೆ, ಲಾಯದ ಕೊನೆಯ ಕಂಬದವಳು, ಎಲ್ಲ ಮದುಮಕ್ಕಳೂ ಅವಳನ್ನೇ ಕೇಳುವುದು. ಮೈ ತಿಕ್ಕುವಾಗ ಪಕ್ಕೆಲುಬು ಬ್ರಷ್ಷಿಗೆ ಸಿಗುತ್ತಿದ್ದವು. ಬೆಳಿಗ್ಗೆಯೆಲ್ಲ ಕೆನೆದು ಮುಂಗಾಲಲ್ಲಿ ನೆಲ ಕೆರೆಯುತ್ತಿದ್ದಳು. ನಾನು ನೋಡಿದರೆ ಬಕೆಟ್ಟು ಮಗುಚಿರುತ್ತಿತ್ತು. ತಿಂದಿದ್ದಾಳೆ, ಹೊಟ್ಟೆಯಲ್ಲಿ ಹುಳ ಇರಬೇಕು ಅಂತ ಹುಳದ ಔಷಧಿ ಕುಡಿಸಿದೆ. ಮೊದಲ ಕಂಬದ ಬಾದಶಾ ಮಾತ್ರ ಗುಂಡಗಾಗುತ್ತಿದ್ದ. ಅವನ ಲದ್ದಿಯಲ್ಲಿ ಹುರುಳಿ ಇಡಿ ಇಡಿಯಾಗಿ ಬರುತ್ತಿತ್ತು. ಬಾಚುವವಳು ನಾನೇ ಆಗಿದ್ದರೂ ಅದನ್ನು ಕಂಡು ಕಾಣದವಳ ಹಾಗೆ ಬಾಚಿ ಎಸೆದೆ. ಹಸಿದ ಕುದುರೆ ಕೂಗಿ ಹೇಳುತ್ತಿತ್ತು, ನಾವು ಬಕೆಟ್ಟನ್ನು ನಂಬಿದೆವು.

ಮತ್ತೋಡಿನ ಮದುವೆಯಲ್ಲಿ ಅವಳು ಮದುಮಗನನ್ನು ಹೊತ್ತಂತೆಯೇ ರಸ್ತೆಯಲ್ಲಿ ಮಂಡಿಯೂರಿದಳು. ಹುಡುಗನಿಗೆ ಏನೂ ಆಗಲಿಲ್ಲ, ಪೇಟ ಮಣ್ಣಾಯಿತು. ಹಫೀಜ್ ಮಧ್ಯಾಹ್ನ ವ್ಯಾನು ತಂದು ನಿಲ್ಲಿಸಿದವನು ನೇರ ಅಂಗಳಕ್ಕೆ ಬಂದ.

"ಈ ಕುದ್ರೆ ಉಪವಾಸ ಐತೆ ಅಂತ ಬ್ಯಾಂಡಿನೋರು ಕೂಡ ಹೇಳ್ತಾರೆ. ತಿಂಗ್ಳಿಗೆ ಅಷ್ಟು ಹುರುಳಿ ತರ್ತೀನಿ, ಎಲ್ಲಿಗೆ ಹೋಗುತ್ತೆ?"

ಮಾವ ಬೇವಿನ ಮರದ ಕೆಳಗೆ ಕೂತು ಲಗಾಮಿಗೆ ಎಣ್ಣೆ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ. ಅತ್ತೆ ನನ್ನ ಕಡೆ ಕೈ ತೋರಿಸಿದರು.

"ನಿನ್ನ ಹೆಂಡ್ತೀನ ಕೇಳು. ಬೇಯ್ಸೋಳು ಅವ್ಳು. ಹೊಸದುರ್ಗದಾಗೆ ಅವ್ಳ ಅಪ್ಪನ ಮನ್ಯಾಗೆ ಆಡು ಅವೆ. ಅವ್ಳ ತಮ್ಮ ಮುಝಫರ್ ಸುಮ್ನೆ ಬಂದು ಹೋಗ್ತಾನಾ?"

ನನ್ನ ಮೈ ಉರಿದುಹೋಯಿತು. ನಾನೂ ಬಾಯಿ ಕಟ್ಟಿಕೊಂಡು ಕೂರುವ ಜಾತಿಯಲ್ಲ. ಇವರ ಹುಳ ಹಿಡಿದ ಹುರುಳಿ ನಮ್ಮ ಆಡೂ ಮೂಸುವುದಿಲ್ಲ ಅಂದೆ. ಇನ್ನೂ ಏನೇನೋ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಯಾಕೆ ಮುಟ್ಟಿಕೊಳ್ಳುತ್ತೀಯ ಅಂದರು ಅತ್ತೆ. ಹಫೀಜ್ ಯಾರ ಪರವೂ ಮಾತಾಡಲಿಲ್ಲ. ಆದರೆ ನನ್ನನ್ನು ಒಂದು ಗಳಿಗೆ ನೋಡಿದ, ಹೌದೇನೋ ಎನ್ನುವ ಹಾಗೆ. ಅತ್ತೆಯ ಬೈಗುಳವೆಲ್ಲ ಒಂದು ತೂಕ, ಆ ನೋಟವೇ ಒಂದು ತೂಕ.

ಮರುದಿನ ಬೆಳಿಗ್ಗೆ ಹುರುಳಿಯ ಪಾತ್ರೆ ತಂದಿಟ್ಟವಳು ಹೊರಗೆ ಹೋಗದೆ ಸೊಪ್ಪಿನ ಕಂತೆಗಳ ಹಿಂದೆ ನಿಂತೆ. ಕಳ್ಳ ಯಾರೆಂದು ನೋಡಿಯೇ ಬಿಡುವ ಹಟ. ಮಾವ ಬಂದರು. ಬಿಸ್ಮಿಲ್ಲಾ ಅಂದು ಬಾದಶಾನ ಬಕೆಟ್ಟಿಗೆ ಹುರುಳಿ ಸುರಿದರು, ಅವನ ಕತ್ತು ಸವರುತ್ತಾ ಏನೋ ಮಾತಾಡಿದರು. ನೊಣ ಓಡಿಸಲು ಆಚೆ ಹೋಗಿ ತಿರುಗಿ ಬಂದವರು ಮತ್ತೆ ಬಿಸ್ಮಿಲ್ಲಾ ಅಂದು ಬಾದಶಾನಿಗೇ ಸುರಿದರು. ನಡುವಿನ ಎರಡಕ್ಕೆ ಕೊಡುವಷ್ಟರಲ್ಲಿ ಪಾತ್ರೆ ಬರಿದಾಯಿತು. ಚಾಂದನಿ ಕೆನೆಯುತ್ತಿದ್ದಳು. ಮಾವ ಅವಳ ಹಣೆ ತಟ್ಟಿ, "ಸಾಕು ಬಿಡವ್ವ, ತಿಂದ್ಯಲ್ಲ" ಅಂದು ಅವಳ ಖಾಲಿ ಬಕೆಟ್ಟನ್ನು ಮಗುಚಿಟ್ಟು ಹೋದರು.

ನನಗೆ ಮೊದಲು ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ? ನಾನು ಗೆದ್ದೆ ಅನಿಸಿತು. ಮಾವನಿಗೆ ಮರೆವು ಹಿಡಿದಿದೆ ಎಂಬುದು ಆಮೇಲೆ ಹೊಳೆಯಿತು. ಚಾಂದನಿಗೆ ಸೊಪ್ಪು ಹಾಕಿದೆ, ಹುರುಳಿ ಹಾಕಲು ಕೈ ಬರಲಿಲ್ಲ. ಮಗುಚಿಟ್ಟ ಬಕೆಟ್ಟು ಅಲ್ಲವೇ.

ಮಧ್ಯಾಹ್ನ ಊಟಕ್ಕೆ ಮಾವ ಬಂದು ಕೂತರು. ಹಫೀಜ್ ಹೊರಗೆ ಹೋಗಿದ್ದ. ಅತ್ತೆಗೆ ಎಲ್ಲವನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಾವ ತಮ್ಮ ಮುಂದಿನ ಖಾಲಿ ತಟ್ಟೆಯನ್ನು ಎತ್ತಿ ಮಗುಚಿಟ್ಟು, ಬಾಯಿ ಒರೆಸಿಕೊಂಡು, ಏಳಲು ನೆಲಕ್ಕೆ ಕೈಯೂರಿದರು.

ಅತ್ತೆ ಏನೂ ಆಗದವರಂತೆ ತಟ್ಟೆಯನ್ನು ಸರಿ ಮಾಡಿ ರೊಟ್ಟಿ ಹಾಕಿದರು. "ಇನ್ನೂ ಬಡ್ಸಿಲ್ಲ, ಕುಂತ್ಕಳ್ರಿ" ಅಂದರು. ಅವರ ಕೈ ತಡವರಿಸಲಿಲ್ಲ. ಅದು ದಿನವೂ ಈ ಕೆಲಸ ಮಾಡಿ ಪಳಗಿದ ಕೈ.

ಉಗ್ರಾಣದಲ್ಲಿ ಅವರನ್ನು ಹಿಡಿದು ನಿಲ್ಲಿಸಿದೆ.

"ನಿಮಗೆ ಮೊದ್ಲೇ ಗೊತ್ತಿತ್ತು. ಗೊತ್ತಿದ್ದೂ ನನ್ನ ಕಳ್ಳಿ ಅಂದ್ರಿ, ಅಮ್ಮಿ."

ಅತ್ತೆ ಹುರುಳಿಯ ಚೀಲದ ಮೇಲೆ ಕೂತುಬಿಟ್ಟರು. "ಹಫೀಜ್ ಕೇಳಿದ್ನಲ್ಲೇ, ಏನಾರ ಹೇಳ್ಬೇಕಿತ್ತು. ನಿನ್ನ ಕಳ್ಳಿ ಅಂದ್ರೆ ನೀನು ತಿರುಗಿ ನಾಕು ಮಾತು ಅಂತೀಯ. ಅವರಿಗೆ ತಲೆ ಕೆಟ್ಟೈತೆ ಅಂದ್ರೆ ಅವರು ಏನಂತಾರೆ, ಹೇಳು? ಹಫೀಜ್ ಅವರನ್ನ ಲಾಯದಿಂದ ಬಿಡಿಸ್ತಾನೆ. ಲಾಯ ಬಿಟ್ರೆ ಅವರು ಉಳೀತಾರಾ?"

"ಅದಕ್ಕೆ ನಾನಾ ಸಿಕ್ಕಿದ್ದು?"

"ಇನ್ಯಾರು ಅದಾರೆ ಈ ಮನ್ಯಾಗೆ?" ಅಂದು ಅತ್ತೆ ಅತ್ತರು. "ಅವರು ಆ ಕಡೆ ಹೋದ ಮೇಲೆ ನೀನು ಚಾಂದನಿಗೆ ಗುಟ್ಟಾಗಿ ಹಾಕ್ಬಿಡು."

"ಅವರಿಗೆ ಒಂದಿನ ನೆಪ್ಪಾಗಿ ಅವರೂ ಹಾಕಿದ್ರೆ? ಕುದ್ರೆ ಸಾಯ್ತೈತೆ, ಅಮ್ಮಿ."

ಅತ್ತೆ ನೆಲಕ್ಕೆ ಚೆಲ್ಲಿದ್ದ ಕಾಳು ಆಯತೊಡಗಿದರು. ನನಗೆ ಅವರ ಮೇಲೆ ಮರುಕ ಬಂತು, ಸಿಟ್ಟೇನೂ ಇಳಿಯಲಿಲ್ಲ. ಎರಡೂ ಒಟ್ಟಿಗೆ ಇರಬಹುದು ಅಂತ ಅವತ್ತು ತಿಳಿಯಿತು.

ಮಾರನೆಯ ಬೆಳಿಗ್ಗೆ ಒಂದು ಬಟ್ಟಲು ಹುರುಳಿ ಬೇರೆ ತೆಗೆದಿಟ್ಟುಕೊಂಡು ನಿಂತೆ, ಈ ಸಲ ಕಂತೆಗಳ ಮುಂದೆ. ಅವತ್ತೂ ಹಾಗೆಯೇ ಆಯಿತು. ಮಾವ ಚಾಂದನಿಯ ಬಕೆಟ್ಟು ಮಗುಚಿಡುತ್ತಲೇ ನಾನು ಹೋಗಿ ಅದನ್ನು ನೆಟ್ಟಗೆ ಮಾಡಿದೆ. ಈ ಲಾಯದಲ್ಲಿ ಯಾರೂ ಮಾಡದ ಕೆಲಸ ಅದು. ಮಾವ ನನ್ನ ಮಣಿಕಟ್ಟು ಹಿಡಿದರು. ಅವರ ಹಿಡಿತದಲ್ಲಿ ಹಳೆಯ ಜಟಕಾದವನ ಬಲ ಹಾಗೇ ಇತ್ತು.

"ಲೇ! ತಿಂದಿರೋ ಕುದ್ರೆಗೆ ಮತ್ತೆ ಹಾಕ್ತೀಯಾ? ಕೊಲ್ತೀಯಾ ಅದ್ನ?"

"ಅಬ್ಬಾ, ಅದ್ರ ಬಾಯಿ ಮೂಸಿ ನೋಡ್ರಿ."

"ನಂಗೇ ಹೇಳ್ತೀಯಾ?"

"ನೀವೇ ಕಲ್ಸಿದ್ದು. ಮೂಸ್ರಿ."

ಅವರು ಕೈ ಬಿಟ್ಟರು. ಚಾಂದನಿಯ ಮೂತಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಮೂಗಿಟ್ಟರು. ಆಮೇಲೆ ನಿಧಾನವಾಗಿ ನಡೆದು ಹೋಗಿ ಬಾದಶಾನ ಮೂತಿ ಮೂಸಿದರು. ಅವನ ಬಕೆಟ್ಟಿನಲ್ಲಿ ಇನ್ನೂ ಹುರುಳಿ ಮಿಕ್ಕಿತ್ತು. ಅದನ್ನು ನೋಡುತ್ತಾ ನಿಂತವರ ಮುಖ ನನ್ನಿಂದ ನೋಡಲಾಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು, ಯಾಕಾದರೂ ಹೇಳಿದೆನೋ ಅನಿಸಿತು.

"ಹಾಕು" ಅಂದರು. ಹಾಕಿದೆ. ಚಾಂದನಿ ಮುಸುಡಿಯನ್ನು ಬಕೆಟ್ಟಿಗೆ ತುರುಕಿ ತಿಂದಳು. ಮುಗಿದ ಮೇಲೂ ನಾನು ಸುಮ್ಮನೆ ನಿಂತಿದ್ದೆ. "ಮಗುಚು" ಅಂದರು. ಮಗುಚಿಟ್ಟೆ. ಹುರುಳಿ ಬಡಿಸುವ ಮರದ ಬಟ್ಟಲನ್ನು ತಮ್ಮ ಪಂಚೆಯ ಅಂಚಿನಿಂದ ಒರೆಸಿ ನನ್ನ ಕೈಯಲ್ಲಿಟ್ಟರು. ಇನ್ನು ಒಂದು ಕೈ ಅಂದರೆ ನನ್ನ ಕೈ.

"ನಾನು ಪಕ್ಕದಾಗೆ ನಿಂತಿರ್ತೀನಿ. ನೋಡೋರಿಗೆ ನಾನೇ ಕೊಟ್ಟಂಗೆ ಇರ್ಲಿ" ಅಂದರು. ಆಮೇಲೆ ದನಿ ತಗ್ಗಿಸಿದರು. "ಜೈಬೂಗೆ ಗೊತ್ತೈತಾ ಇದು?"

ಉಗ್ರಾಣದಲ್ಲಿ ಅತ್ತೆ ಅತ್ತದ್ದು ಕಣ್ಣ ಮುಂದೆ ಬಂತು. "ಇಲ್ಲ ಅಬ್ಬಾ" ಅಂದೆ.

"ಹೇಳ್ಬೇಡ. ಅವ್ಳು ತಡ್ಕಳಲ್ಲ." ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. "ನಿನ್ನ ಕಳ್ಳಿ ಅಂದಿದ್ದು ಕೇಳಿಸ್ಕಂಡೀನಿ. ಸ್ವಲ್ಪ ದಿನ ಅನ್ನಿಸ್ಕಂಬಿಡು, ಮಗಳೇ."

ನಾನು ಹೂಂ ಅಂದೆ. ಇನ್ನೇನು ಅನ್ನಲಿ?

ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತೆವು. ಮಾವನ ತಟ್ಟೆ ನೆಟ್ಟಗಿತ್ತು. ಬೆಳಿಗ್ಗೆ ಏನಾಯಿತೆಂದು ಅತ್ತೆಗೆ ತಿಳಿಯದು. ನಾನು ಹೇಳುವಂತಿಲ್ಲ. ರೊಟ್ಟಿ ಮುರಿಯುತ್ತಾ ಹಫೀಜ್ ಚಾಂದನಿಯ ಮಾತೆತ್ತಿದ. ಅತ್ತೆ ಒಮ್ಮೆ ಮಾವನ ಕಡೆ ನೋಡಿ, ಬೇಗ ಬೇಗ ಹೇಳಿದರು.

"ಇವತ್ತಿನ ಹುರುಳಿ ಕುದ್ರೆಗೆ ಹೋಯ್ತಾ, ಹೊಸದುರ್ಗಕ್ಕೆ ಹೋಯ್ತಾ, ಕೇಳು ನಿನ್ನ ಹೆಂಡ್ತೀನ."

ಹಫೀಜ್ ನನ್ನನ್ನು ನೋಡಿದ. ಈ ಸಲ ಅವನ ಕಣ್ಣಲ್ಲಿ, ಇಲ್ಲ ಅನ್ನು, ನಾನು ನಂಬುತ್ತೇನೆ ಅನ್ನುವ ಹಾಗಿತ್ತು.

"ಹೊಸದುರ್ಗಕ್ಕೆ ಹೋಗ್ತಿತ್ತು" ಅಂದೆ. "ಇನ್ನು ಹೋಗಲ್ಲ."

ಅತ್ತೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಮಾವ ಸಾರಿನ ಪಾತ್ರೆಯನ್ನು ನನ್ನ ಕಡೆಗೆ ತಳ್ಳಿದರು. ಹಫೀಜ್ ತನ್ನ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ.