ಒಳಗೇ ಬಿಟ್ಟ ಸ್ಕ್ರೂ

"ನಿಮ್ಮ ಯಜಮಾನರಿಗೆ ಕುಡಿಯೋ ಅಭ್ಯಾಸ ಇದೆಯೇನಮ್ಮಾ?"

ತನಿಖೆಗೆ ಬಂದಿದ್ದ ಅಧಿಕಾರಿ ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು.

"ಛೆ ಛೆ! ಅದರ ವಾಸನೆ ಕಂಡ್ರೇ ಆಗಲ್ಲ ಅವರಿಗೆ," ಎಂದಳು ಅವಳು.

"ಹಿಂದೆ ಯಾವಾಗಲಾದ್ರೂ?"

"ಹಿಂದೇನೂ ಇಲ್ಲ, ಮುಂದೇನೂ ಇಲ್ಲ."

ಅಧಿಕಾರಿ ತಲೆಯೆತ್ತಿ ಅವಳನ್ನು ನೋಡಿದರು. ಇನ್ನೇನೋ ಹೇಳಲು ಹೊರಟವರು ಸುಮ್ಮನಾಗಿ, ಟೀ ಮುಗಿಸಿ ಎದ್ದರು.

ಅವಳ ಗಂಡ ಯುದ್ಧವಿಮಾನಗಳ ಮೀಟರುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಆ ವರ್ಕ್‌ಶಾಪಿನೊಳಗೆ ಕಾಲಿಡಲು ಕ್ಲಿಯರೆನ್ಸ್, ಅಂದರೆ ಭದ್ರತಾ ಅನುಮತಿ, ಬೇಕು. ಕೆಲವು ವರ್ಷಗಳಿಗೊಮ್ಮೆ ಅದನ್ನು ಹೊಸದಾಗಿ ಕೊಡುತ್ತಾರೆ. ಕೊಡುವ ಮುಂಚೆ ಅವನನ್ನೂ ವಿಚಾರಿಸುತ್ತಾರೆ, ಮನೆಯವರನ್ನೂ ವಿಚಾರಿಸುತ್ತಾರೆ. ಅದು ಸಿಗದಿದ್ದರೆ ಕೆಲಸವೂ ಹೋದಂತೆಯೇ.

ಸಂಜೆ ಅವನು ಬಂದು ಶೂ ಬಿಚ್ಚುತ್ತಿರುವಾಗಲೇ ಅವಳು ಗೆದ್ದವಳ ಹಾಗೆ ಎಲ್ಲವನ್ನೂ ಹೇಳಿದಳು. ಅವನ ಕೈ ಲೇಸಿನ ಮೇಲೇ ನಿಂತಿತು.

"ಅಯ್ಯೋ, ಏನು ಮಾಡಿಬಿಟ್ಟೆ ಕಣೇ! ನಾನು ಬೆಳಿಗ್ಗೆಯೇ ಅವರಿಗೆ ಹೇಳಿದೀನಿ. ಕುಡೀತಿದ್ದೆ, ಆಸ್ಪತ್ರೆಗೆ ಸೇರಿದ್ದೆ, ಬಿಟ್ಟೆ ಅಂತ."

"ನನಗೊಂದು ಮಾತು ಹೇಳಬಾರದಿತ್ತಾ?"

"ನೀನು ಸುಳ್ಳು ಹೇಳ್ತೀಯ ಅಂತ ನನಗೇನು ಕನಸು ಬಿದ್ದಿತ್ತಾ?"

"ಮತ್ತೆ? ನನ್ನ ಗಂಡ ಕುಡಿದು ಮೋರಿ ಪಕ್ಕ ಮಲಗ್ತಿದ್ದ ಅಂತ ಯಾರೋ ಹೊರಗಿನವನ ಮುಂದೆ ಹಾಡಿ ಹೊಗಳಬೇಕಿತ್ತಾ?"

ಇಬ್ಬರಿಗೂ ನಗು ಬಂತು. ಬಂದಷ್ಟೇ ಬೇಗ ಹೋಯಿತು.

ಆಮೇಲೆ ಅವಳು ಅಡುಗೆಮನೆಗೆ ಹೋದಳು. ನಲ್ಲಿಯ ಸದ್ದು ಕೇಳಿಸಿತು, ನಿಂತಿತು. ಅಲ್ಲಿಂದಲೇ ಕೇಳಿದಳು:

"ಎಲ್ಲಾ ಹೇಳಿದ್ರಾ?"

"ಎಲ್ಲಾ."

"ಆಸ್ಪತ್ರೆಯಿಂದ ಬಂದಮೇಲೆ ಮುಟ್ಟೇ ಇಲ್ಲ ಅಂದ್ರಾ?"

ಅವನು ಒಂದು ಶೂ ಬಿಚ್ಚಿ ಪಕ್ಕಕ್ಕಿಟ್ಟ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು.

"ಅತ್ತೆ ತೀರಿಕೊಂಡ ದಿನ, ಬಚ್ಚಲಲ್ಲಿ ಕುಡಿದ್ರಲ್ಲ. ವಾಸನೆ ಹೊಡೀತಿದ್ದ ಆ ಅಂಗಿ ಒಗೆದಿದ್ದು ಯಾರು ಅಂದ್ಕೊಂಡ್ರಿ?"

ಅವನು ಮುಖ ಎತ್ತಲಿಲ್ಲ. ಅವಳು ಅಷ್ಟು ಕಾಲ ಒಂದೇ ಒಂದು ಬಾರಿಯೂ ಆ ಮಾತು ತೆಗೆದಿರಲಿಲ್ಲ. ಅವಳಿಗೆ ಗೊತ್ತಿಲ್ಲವೆಂದೇ ಅವನು ನಂಬಿದ್ದ. ಆ ನಂಬಿಕೆಯನ್ನು ಅವಳು ಮುರಿಯದೆ ಬಿಟ್ಟಿದ್ದಳು.

"ಒಂದೇ ದಿನ ಕಣೇ. ಅದನ್ನೂ ಹೇಳಿದ್ರೆ ಇವನು ಬಿಟ್ಟೇ ಇಲ್ಲ ಅಂತಾರೆ."

ಅವಳು ಅವನ ಎದುರು ನೆಲದ ಮೇಲೆ ಕೂತಳು. ವರ್ಕ್‌ಶಾಪಿನಲ್ಲಿ ಉಪಕರಣ ನೇತುಹಾಕುವ ಹಲಗೆಯ ಬಗ್ಗೆ ಅವನೇ ಎಷ್ಟೋ ಸಲ ಹೇಳಿದ್ದ. ಪ್ರತಿಯೊಂದು ಸ್ಪ್ಯಾನರಿಗೂ ಅದರದೇ ಆಕಾರದ ಗುರುತು ಬರೆದಿರುತ್ತದೆ. ಸಂಜೆ ಒಂದು ಗುರುತು ಖಾಲಿ ಉಳಿದರೂ, ಅದು ವಿಮಾನದೊಳಗೆ ಬಿದ್ದಿರಬಹುದೆಂದು, ಯಾರೂ ಮನೆಗೆ ಹೋಗುವಂತಿಲ್ಲ. ಬೀಳಿಸಿದವನು ಬೀಳಿಸಿದೆ ಎನ್ನಬೇಕು. ಅಂದವನಿಗೆ ಬೈಗುಳ ಬೀಳುತ್ತದೆ, ಅಷ್ಟೇ. ಅನ್ನದವನನ್ನು ಮತ್ತೆ ವಿಮಾನದ ಹತ್ತಿರ ಸೇರಿಸುವುದಿಲ್ಲ.

"ಒಂದು ಸ್ಕ್ರೂ ಕಾಣದಿದ್ರೆ ವಿಮಾನಾನೇ ನಿಲ್ಲಿಸ್ತೀರಿ. ಇದನ್ನ ಮಾತ್ರ ಒಳಗೇ ಬಿಟ್ಟು ಮುಚ್ಚಿಬಿಟ್ರಾ?"

ಅವನು ಇನ್ನೊಂದು ಶೂ ಬಿಚ್ಚಿದ.

"ಕೆಲಸ ಹೋದ್ರೆ?"

"ಹೋದ್ರೆ ಹೋಯ್ತು ಅನ್ನೋಷ್ಟು ಧೈರ್ಯ ನನಗೂ ಇಲ್ಲ ಕಣ್ರೀ. ಆದ್ರೆ ನಾನಂತೂ ನಾಳೆ ಹೋಗಿ ಸುಳ್ಳು ಹೇಳಿದೆ ಅಂತೀನಿ. ನೀವು ಬರೋದು ಬಿಡೋದು ನಿಮಗೆ ಬಿಟ್ಟಿದ್ದು."

ಬೆಳಿಗ್ಗೆ ಇಬ್ಬರೂ ಅಧಿಕಾರಿಯ ಮೇಜಿನ ಮುಂದೆ ನಿಂತಿದ್ದರು. ಮೊದಲು ಅವಳು ಹೇಳಿದಳು. ಬಳಿಕ ಅವನು ಹೇಳಿದ. ಬಚ್ಚಲಿನ ವಿಷಯಕ್ಕೆ ಬಂದಾಗ ನಿಲ್ಲಿಸಿ, ಮತ್ತೆ ಶುರುಮಾಡಿದ.

ಅಧಿಕಾರಿ ಪೆನ್ನು ಕೆಳಗಿಟ್ಟರು. "ಕುಡಿತ ಬಿಟ್ಟವರಿಗೆ ದಾರಿ ಇದೆ. ಮಧ್ಯೆ ಒಮ್ಮೆ ಜಾರಿದವರಿಗೂ ಇದೆ. ಮುಚ್ಚಿಟ್ಟವರದ್ದೇ ಕಷ್ಟ. ಅವರನ್ನ ಯಾರಾದ್ರೂ ಹೆದರಿಸಿ ಬಗ್ಗಿಸಬಹುದು. ನೀವು ನಿನ್ನೆ ಮುಚ್ಚಿಟ್ರಿ, ಇವತ್ತು ಬಂದ್ರಿ. ಎರಡನ್ನೂ ಬರೀತೀನಿ."

"ಕ್ಲಿಯರೆನ್ಸ್ ಸಿಗುತ್ತಾ ಸಾರ್?"

"ಅದನ್ನ ನಾನು ಹೇಳಿದ್ರೆ ಸುಳ್ಳಾಗುತ್ತೆ. ತೀರ್ಮಾನ ಮೇಲಿನವರದ್ದು. ಅಲ್ಲಿಯವರೆಗೆ ಪಾಸ್ ಇಲ್ಲಿ ಬಿಡಿ, ಹೊರಗಿನ ಶೆಡ್ಡಿನಲ್ಲಿ ಕೆಲಸ ಮಾಡಿ."

ಅವನು ಕೊರಳಿನ ಪಾಸನ್ನು ತೆಗೆದು ಮೇಜಿನ ಮೇಲಿಟ್ಟ. ಹೊರಗೆ ಬಂದಮೇಲೂ ಅವನ ಕೈ ಎರಡು ಸಲ ಎದೆಯನ್ನು ತಡವಿತು.

"ಶೆಡ್ಡಿನಲ್ಲಿ ಏನು ಕೆಲಸ?" ಅವಳು ಕೇಳಿದಳು.

"ಫ್ಯಾನ್ ರಿಪೇರಿ."

"ನಮ್ಮನೇದೂ ಕಿರುಗುಟ್ಟುತ್ತೆ. ಹೇಳೀ ಹೇಳೀ ಸಾಕಾಗಿದೆ."

ಅವನು ನಗಲಿಲ್ಲ. ಆದರೆ ಶೆಡ್ಡಿನ ಕಡೆ ತಿರುಗುವ ಮುಂಚೆ, "ಸಂಜೆ ನೋಡ್ತೀನಿ," ಎಂದ.