ಮುಟ್ಟದೆ ಉಳಿದ ಯಂಗೋನ

ಜುಲೈ ತಿಂಗಳು, ದೂರದ ದ್ವೀಪದ ಲಂಬಾಸ ಊರಿನ ಕಡೆ ಕಬ್ಬು ಕಡಿಯುವ ಕಾಲ. ಸುಭಾಗಿಯ ಹೊಲದಲ್ಲಿ ಆಳುಗಳು ಬೆಳಗಿನಿಂದ ಬಗ್ಗಿದ ನಡು ಎತ್ತಿರಲಿಲ್ಲ. ಅವಳು ಚಹಾದ ಪಾತ್ರೆಯನ್ನು ಬದುವಿನ ಮೇಲೆ ಇಳಿಸುವಷ್ಟರಲ್ಲಿ ಮೈದುನ ಬಿಸೇಸರ ಬಂದು ನಿಂತ. ಗಂಡ ತೀರಿಕೊಂಡ ಮೇಲೆ ಹೊಲದ ಗುತ್ತಿಗೆ ಅವಳ ಹೆಸರಿಗಾಗಿತ್ತು. ಅಣ್ಣ ಬದುಕಿದ್ದಷ್ಟು ಕಾಲ ಒಂದು ಕಳೆ ಕೀಳದವನಿಗೆ ಈಗ ಮಣ್ಣಿನ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿತ್ತು.

"ಅತ್ತಿಗೆ, ಹೊಲ ನನ್ ಹೆಸರಿಗೆ ಬರ್ಕೊಡು. ಇಲ್ಲಾಂದ್ರೆ ಕಬ್ಬಿಗೂ ಬೆಂಕಿ, ನಿಂಗೂ ಬೆಂಕಿ."

ಆಳುಗಳ ಕತ್ತಿಗಳು ನಿಂತವು.

"ಇನ್ನೊಂದ್ಸಲ ಹೇಳಪ್ಪಾ. ಆ ತುದೀಲಿರೋರಿಗೆ ಕೇಳಿಸ್ಲಿಲ್ಲ," ಅಂದಳು ಸುಭಾಗಿ.

ಬುದ್ಧಿಯಿದ್ದವನಾಗಿದ್ದರೆ ಬಾಯಿ ಮುಚ್ಚುತ್ತಿದ್ದ. ಬಿಸೇಸರ ಎದೆಯುಬ್ಬಿಸಿ, ತುದಿಯವರಿಗೂ ಕೇಳುವಂತೆ ಕೂಗಿದ.

ಸುಭಾಗಿ ಎಲ್ಲರಿಗೂ ಚಹಾ ಕೊಟ್ಟಳು. ಲೋಟ ತೊಳೆದಿಟ್ಟು, ಕೇಳಿಸಿಕೊಂಡ ಇಬ್ಬರನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಠಾಣೆಯಲ್ಲಿ ಪೇದೆ ಜೋಸೆವಾ ಆಕಳಿಸಿದ. "ಮನೆ ಜಗಳ ಅಕ್ಕಾ. ಮನೇಲೇ ಕೂತು ಮಾತಾಡ್ಕೊಳ್ಳಿ."

"ಮನೆ ಸುಟ್ಮೇಲೆ ಎಲ್ಲಿ ಕೂತ್ಕೊಳ್ಳೋದು, ನಿನ್ ಕುರ್ಚೀಲಾ? ಬರ್ಕೋ."

ಅವನು ಬರೆದುಕೊಂಡ. ಸಾಕ್ಷಿಗಳೂ ಹೇಳಿದರು. ಮ್ಯಾಜಿಸ್ಟ್ರೇಟರು ಆಜ್ಞೆ ಹೊರಡಿಸಿದರು: ವಿಚಾರಣೆ ಮುಗಿಯುವ ತನಕ ಬಿಸೇಸರ ಅವಳನ್ನು ಹೆದರಿಸಕೂಡದು, ಅವಳ ಹೊಲಕ್ಕಾಗಲಿ ಅಂಗಳಕ್ಕಾಗಲಿ ಕಾಲಿಡಕೂಡದು. ಜೋಸೆವಾನೇ ಹೋಗಿ ಅದನ್ನು ಅವನ ಕೈಗೆ ಕೊಟ್ಟು ಓದಿ ಹೇಳಿದ.

ಆಗ ಬಿಸೇಸರನ ಎದೆ ಇಳಿಯಿತು. ಆದರೂ ಕೋರ್ಟನ್ನು ನಿಭಾಯಿಸುವುದು ತನಗೆ ಗೊತ್ತು ಅಂದುಕೊಂಡ. ಆ ಸೀಮೆಯಲ್ಲಿ ತಪ್ಪು ಮಾಡಿದವನು, ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನ ಬೇರಿನ ಕಟ್ಟು ತಂದು ನೊಂದವರ ಎದುರಿಗಿಡುತ್ತಾನೆ. ಅವರು ಅದನ್ನು ಮುಟ್ಟಿದರೆ ತಪ್ಪನ್ನು ಕ್ಷಮಿಸಿದ ಹಾಗೆ. ಮುಟ್ಟದೆ ಕಳಿಸಿದವರನ್ನು ಅವನು ಕಂಡಿರಲಿಲ್ಲ.

ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಮೆತ್ತಿಕೊಂಡು, ಮದುವೆಗೆ ಹೊರಟವನಂತೆ ಬಂದ. ಸುಭಾಗಿಯ ಜಗಲಿಯ ಚಾಪೆಯ ಮೇಲೆ ಮಂಡಿಯೂರಿ ಕಟ್ಟು ಇಟ್ಟ.

"ಕೋಪದಲ್ಲಿ ಆಡಿದ್ ಮಾತು ಅತ್ತಿಗೆ. ಮುಟ್ಬಿಡು. ಕೇಸು ವಾಪಸ್ ತಗೋ."

"ಮತ್ತೆ ಹೊಲ?"

"ಅದನ್ನ ನಿಧಾನಕ್ಕೆ ಮಾತಾಡೋಣ."

"ಹಾಗೋ. ಕೂತಿರು ಹಂಗಾದ್ರೆ," ಎಂದು ಒಳಗೆ ಹೋದವಳು ಠಾಣೆಗೆ ಫೋನು ಮಾಡಿ ಬಂದಳು. ಎದುರಿಗೆ ಕೂತು ಬೀನ್ಸ್ ನಾರು ತೆಗೆಯತೊಡಗಿದಳು. ಒಳಗೆ ಚಹಾಕ್ಕೆ ನೀರಿಟ್ಟು ಬಂದಿದ್ದಾಳೆಂದು ನಂಬಿ ಅವನು ಕಾಲು ಚಾಚಿ ಕೂತ. ಅಂಥವನಿಗೆ ಹೆದರಿ ರಾತ್ರಿಯೆಲ್ಲ ಕಬ್ಬು ಕಾದೆನಲ್ಲ ಎಂದು ಸುಭಾಗಿಗೆ ತನ್ನ ಮೇಲೇ ಅಸಹ್ಯವಾಯಿತು.

ಜೀಪು ಬಂದಾಗ ಬಿಸೇಸರ ಗಡಬಡಿಸಿ ಎದ್ದ. "ಕ್ಷಮೆ ಕೇಳೋಕ್ ಬಂದೆ ಸಾರ್!"

"ಅಂಗಳಕ್ ಕಾಲಿಡ್ಬೇಡ ಅಂತ ಓದಿ ಹೇಳಿದ್ನಲ್ಲೋ," ಅಂದ ಜೋಸೆವಾ. "ನಡಿ." ಆಮೇಲೆ ಕಟ್ಟಿನ ಕಡೆ ನೋಡಿ ಹಿಂಜರಿದ. "ಇದನ್ನ ನಾ ಮುಟ್ಟೋ ಹಾಗಿಲ್ಲ ಅಕ್ಕಾ. ಇಲಾಖೇನೇ ಕ್ಷಮಿಸ್ದಂಗಾಗತ್ತೆ."

"ತಂದೋನೇ ಹೊರಲಿ ಬಿಡು."

ಬಿಸೇಸರ ತನ್ನ ಕ್ಷಮಾಪಣೆಯನ್ನು ತಾನೇ ಕಂಕುಳಲ್ಲಿ ಅವುಚಿಕೊಂಡು ಜೀಪು ಹತ್ತಿದ.