ನಾಲೆ ಏರಿಯ ಕುಂಟೆಬಿಲ್ಲೆ

ಬೈರಮ್ಮನ ಸಂಚಿಯ ಪದರಪದರದಲ್ಲೂ ಬೆರಳಾಡಿಸಿದರೂ ಸಿದ್ದಲಿಂಗಮ್ಮನಿಗೆ ಬಿಲ್ಲೆ ಸಿಗಲಿಲ್ಲ. ಬಾಡಿದ ವೀಳ್ಯದೆಲೆ ಇತ್ತು, ಅಡಿಕೆ ಹೋಳಿತ್ತು, ಸುಣ್ಣದ ಡಬ್ಬಿ ಇತ್ತು. ಕಲ್ಲಿಗೆ ಉಜ್ಜಿ ಉಜ್ಜಿ ದುಂಡಗೆ ಮಾಡಿಕೊಂಡಿದ್ದ ಆ ಹೆಂಚಿನ ಚೂರು ಮಾತ್ರ ಇಲ್ಲ.

"ಏನ್ ಹುಡುಕ್ತಿದ್ದೀಯ ಚಿಕ್ಕವ್ವ?" ಎಂದಳು ಪುಟ್ಟತಾಯಿ. ಸತ್ತ ಬೈರಮ್ಮನ ಮಗಳು ಅವಳು. ಶೀಳನೆರೆಯಿಂದ ಮೊದಲ ಬಸ್ಸಿಗೇ ಬಂದಿದ್ದಳು.

"ಎಲೆ ಅಡ್ಕೆ ಐತಾ ಅಂತ ನೋಡ್ದೆ ಕಣವ್ವ. ಅವಳ ಜೊತೇಲೇ ಮಡಗ್ಬೇಕಲ್ಲ."

ಅರ್ಧ ಸುಳ್ಳು. ಬಿಲ್ಲೆ ಸಂಚಿಯಲ್ಲಿಲ್ಲ ಅಂದರೆ ಅದು ನಾಲೆ ಏರಿಯ ಮೇಲೆ ಬಿದ್ದಿದೆ. ಅಂದರೆ ನಿನ್ನೆ ಸಂಜೆ ಬೈರಮ್ಮ ಒಬ್ಬಳೇ ಆಡುತ್ತಿದ್ದಳು. ಮಂಡಿನೋವೆಂದು ಸಿದ್ದಲಿಂಗಮ್ಮ ನಿನ್ನೆ ಹೋಗಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಡೈರಿಗೆ ಹಾಲು ಹಾಕಲು ಹೊರಟವರು ಬೈರಮ್ಮ ಏರಿಯ ಮೇಲೆ ಬಿದ್ದಿದ್ದನ್ನು ಕಂಡಿದ್ದರು. ಪಕ್ಕದಲ್ಲಿ ಕುಡುಗೋಲು, ಗೋಣಿಚೀಲ. ಹೃದಯ ನಿಂತಿದೆ ಎಂದರು ಡಾಕ್ಟರು. ಊರು ಅಷ್ಟಕ್ಕೇ ಸುಮ್ಮನಾಗುತ್ತದೆಯೇ? ಎಪ್ಪತ್ತು ದಾಟಿದ ಮುದುಕಿ ಹುಲ್ಲು ಕೊಯ್ಯುತ್ತಾ ಸತ್ತಳೆಂದರೆ, ಅವಳನ್ನು ಕೊಯ್ಯಲು ಅಟ್ಟಿದವರು ಯಾರು ಅನ್ನುವ ಮಾತು ಬಂದೇ ಬರುತ್ತದೆ.

"ಕೊಟ್ಟಿಗೇಲಿ ಸೀಮೆಹಸ ಕಟ್ಕಂಡು ನಮ್ಮವ್ವನ್ನ ದುಡ್ಸಿ ದುಡ್ಸಿ ಸಾಯ್ಸ್‌ಬುಟ್ಯಲ್ಲೇ!" ಪುಟ್ಟತಾಯಿ ತಮ್ಮನ ಹೆಂಡತಿ ದಿವ್ಯಳ ಮೇಲೆ ಹರಿಹಾಯ್ದಳು.

"ನಾನ್ಯಾಕಕ್ಕ ಕಳಿಸ್ಲಿ? ಹೊಲದಲ್ಲೇ ಮೇವೈತೆ, ಬ್ಯಾಡ ಕಣತ್ತೆ ಅಂತ ದಿನಾ ಏಳ್ತಿದ್ದೆ. ಅವರು ಕೇಳ್ತಿರ್ಲಿಲ್ಲ."

"ಕೇಳ್ತಿರ್ಲಿಲ್ವಂತೆ! ನೀನು ನಮ್ಮವ್ವನ ಬಾಯಿಗೆ ಅಕ್ಕಿ ಹಾಕ್ಬ್ಯಾಡ. ಗುಂಡಿ ತಾವ ಬಂದೀಯ ಜೋಕೆ."

ಅಂಗಳದಲ್ಲಿ ಕೂತವರು ತಲೆಯಾಡಿಸಿದರು. ಮಗ ಚಲುವರಾಜು ಕಂಬಕ್ಕೊರಗಿ ನೆಲ ನೋಡುತ್ತಿದ್ದ. ಅಕ್ಕನಿಗೂ ಹೆಂಡತಿಗೂ ನಡುವೆ ಅವನ ಬಾಯಿ ಎಂದೂ ತೆರೆದದ್ದಿಲ್ಲ. ಕಡೆಯ ಅಕ್ಕಿ ಹಾಕಬಾರದೆಂದರೆ ಆ ಸೊಸೆ ಮತ್ತೆ ಈ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಸಿದ್ದಲಿಂಗಮ್ಮ ಒಂದು ಮಾತು ಆಡಿದ್ದರೆ ಸಾಕಿತ್ತು. ಹೆಣದ ಮುಂದೆ ಆಡುವಂಥ ಮಾತೇ ಅದು?

*

ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿದರೆ ಸಾಲದು, ದಿನಾ ನಡೆಯಿರಿ ಎಂದು ಪಾಂಡವಪುರದ ಡಾಕ್ಟರು ಹೇಳಿದ್ದರಿಂದ ಎಲ್ಲ ಶುರುವಾಗಿತ್ತು. ಬೈರಮ್ಮ, ಸಿದ್ದಲಿಂಗಮ್ಮ ಗೆಳತಿಯರಿಬ್ಬರೂ ಸಂಜೆ ಬರಿಗೈಯಲ್ಲಿ ಹೊರಟರು.

"ಏನ್ರವ್ವ, ಕೈ ಬೀಸ್ಕಂಡು ಒಂಟ್ರಿ? ವಾಕಿಂಗಾ?" ಅರಳಿಕಟ್ಟೆಯ ಮೇಲಿಂದ ನರಸಯ್ಯ ಕೇಳಿದ. ಇಡೀ ಕಟ್ಟೆ ನಕ್ಕಿತು. ದಿನವೆಲ್ಲ ಅಲ್ಲೇ ಕೂತು ಗಂಡಸರು ಚೌಕಾಬಾರ ಆಡಿದರೆ ಅದು ಹೊತ್ತು ಕಳೆಯುವ ದಾರಿ. ಆಯುಸ್ಸೆಲ್ಲ ಕಳೆ ಕಿತ್ತು ಸೊಂಟ ಬಗ್ಗಿಸಿಕೊಂಡ ಹೆಂಗಸರು ಕೆಲಸವಿಲ್ಲದೆ ನಡೆದರೆ ಮಾತ್ರ ನಗೆಪಾಟಲು.

ಮಾರನೆಯ ದಿನ ಬೈರಮ್ಮ ಕುಡುಗೋಲು, ಗೋಣಿಚೀಲ ಹಿಡಿದು ಬಂದಳು. "ಈಗ ಕೇಳ್ಲಿ ನೋಡಾನ." ಯಾರೂ ಕೇಳಲಿಲ್ಲ. ಬರುವಾಗ ಒಂದು ಹಿಡಿ ಹುಲ್ಲು ತಂದರಾಯಿತು, ಊರಿನ ಕಣ್ಣಿಗೆ ಮಣ್ಣೆರಚಲು.

ತೂಬಿನ ಹತ್ತಿರ ಏರಿ ಅಗಲವಾಗುವ ಕಡೆ ಆ ಹೊತ್ತಿನಲ್ಲಿ ಯಾರೂ ಸುಳಿಯುವುದಿಲ್ಲ. ಅಲ್ಲೊಂದು ದಿನ ಬೈರಮ್ಮ ಕುಡುಗೋಲಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆದಳು. ಕುಂಟೆಬಿಲ್ಲೆಯ ಮನೆಗಳು.

"ಬುದ್ಧಿಗಿದ್ಧಿ ಐತೇನಕ್ಕ? ಚಿಕ್ಕುಡ್ಗೀರು ಆಡೋ ಆಟ."

"ಚಿಕ್ಕುಡ್ಗಿಯಾಗಿದ್ದಾಗ ನಾನೆಲ್ಲಿ ಆಡ್ದೆ? ಯಾವಾಗ್ಲೂ ಸೊಂಟದ ಮೇಲೆ ತಂಗಿ ಇರ್ತಿದ್ಲು" ಎನ್ನುತ್ತಾ ಬೈರಮ್ಮ ಸೀರೆಯನ್ನು ಎತ್ತಿ ಕಟ್ಟಿದಳು.

ಗೆದ್ದವರು ಒಂದು ಚೌಕಕ್ಕೆ ಗುರುತು ಹಾಕಿ ಅದನ್ನು ತಮ್ಮ ಮನೆ ಮಾಡಿಕೊಳ್ಳಬಹುದು. ಅಲ್ಲಿ ಅವರು ಎರಡೂ ಕಾಲೂರಿ ದಣಿವಾರಿಸಿಕೊಳ್ಳಬಹುದು. ಎದುರಾಳಿ ಅದನ್ನು ತುಳಿಯುವಂತಿಲ್ಲ, ಒಂಟಿಕಾಲಲ್ಲೇ ಹಾರಿ ದಾಟಬೇಕು. ನಡುವಿನ ಚೌಕ ಬೈರಮ್ಮನದಾಯಿತು. ಅದರಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಾ ನಗುತ್ತಿದ್ದಳು.

"ಇಲ್ಲಿಂದ ನನ್ನ ಯಾರೂ ಕೆಲಸಕ್ಕೆ ಕರ್ಯಂಗಿಲ್ಲ ಕಣೇ. ಯಾರ್ಗಾರ ಏಳ್ದೋ, ನನ್ ಮಕ ನೋಡ್ಬ್ಯಾಡ."

*

ಗುಂಡಿ ತೆಗೆದಿದ್ದ ಹೊಲ ನಾಲೆಯ ಆಚೆಗಿತ್ತು. ತಮಟೆಯ ಹಿಂದೆ ಚಟ್ಟ, ಚಟ್ಟದ ಹಿಂದೆ ಜನ. ಎಲ್ಲರಿಗಿಂತ ಹಿಂದೆ, ಬರಿಗೈಯಲ್ಲಿ ದಿವ್ಯ. ಸಿದ್ದಲಿಂಗಮ್ಮನಿಗೆ ಕಾಲೆಳೆದು ಕಾಲೆಳೆದು ಸಾಕಾಗಿತ್ತು. ಇದೇ ದಾರಿಯಲ್ಲಿ ದಿನಾ ಬರುವಾಗ ಇಷ್ಟು ದೂರವೆನಿಸಿರಲಿಲ್ಲ.

"ಇಳಿಸ್ರಪ್ಪಾ, ಎಗಲು ಬದಲಾಯ್ಸಿ" ಎಂದ ನರಸಯ್ಯ. ನಡುದಾರಿಯಲ್ಲಿ ಹೆಣ ಇಳಿಸುವುದು ವಾಡಿಕೆ. ತೂಬಿನ ಹತ್ತಿರವೇ ಇಳಿಸಿದರು.

ನಾಲ್ಕು ಮಾರು ಮುಂದೆ ಗೆರೆಗಳು ಹಾಗೇ ಇದ್ದವು. ಕಡೆಯ ಚೌಕದಲ್ಲಿ ಕೆಂಪಗೆ ಬಿಲ್ಲೆ.

"ಪುಟ್ಟತಾಯಿ, ಇಲ್ಲಿ ಬಾವ್ವ." ಸಿದ್ದಲಿಂಗಮ್ಮ ಗೆರೆಗಳತ್ತ ಕೈ ತೋರಿಸಿದಳು. "ನಿಮ್ಮವ್ವ ಹುಲ್ಲು ಕುಯ್ಯಕ್ಕೆ ಬತ್ತಿರ್ಲಿಲ್ಲ. ಆಡಕ್ಕೆ ಬತ್ತಿದ್ಲು. ನಾನೂ ಬತ್ತಿದ್ದೆ. ಕುಡ್ಲು ಬರೀ ನಿಮ್ಮ ಕಟ್ಟೇಗೆ ತೋರ್ಸಕ್ಕೆ ಕಣಪ್ಪ ನರಸಯ್ಯ."

ನರಸಯ್ಯ ಬಾಗಿ ಗೆರೆಗಳನ್ನು ನೋಡಿದ.

"ಸೊಸೆ ಕಡೆ ನಿಂತ್ಕಂಡು ಸುಳ್ಳು ಏಳ್ಬ್ಯಾಡ ಚಿಕ್ಕವ್ವ" ಎಂದಳು ಪುಟ್ಟತಾಯಿ. "ಯಾವುವೋ ಮಕ್ಕಳು ಗೀಚವೆ. ಈ ವಯಸ್ಸಲ್ಲಿ ನಮ್ಮವ್ವ ಕುಂಟ್ತಿದ್ಲಾ?"

ಹೇಳಿ ನಂಬಿಸುವ ತ್ರಾಣ ಸಿದ್ದಲಿಂಗಮ್ಮನಿಗೆ ಉಳಿದಿರಲಿಲ್ಲ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನೋಯುವ ಕಾಲನ್ನು ಮಡಿಚಿ, ಊರೆಲ್ಲ ನೋಡುತ್ತಿರುವಂತೆಯೇ ಮೊದಲ ಚೌಕಕ್ಕೆ ಹಾರಿದಳು. ಮತ್ತೊಂದಕ್ಕೆ. ಇನ್ನೊಂದಕ್ಕೆ. ತಮಟೆ ನಿಂತುಹೋಯಿತು. ಗುರುತು ಹಾಕಿದ ನಡುವಿನ ಚೌಕದ ಮುಂದೆ ತುಸು ತಡೆದು, ತೋಳು ಚಾಚಿ ತೂಗಿಕೊಂಡು, ಇದ್ದ ಬಲವನ್ನೆಲ್ಲ ಬಿಟ್ಟು ಅದರಾಚೆಗೆ ಹಾರಿದಳು. ಕಡೆಯ ಚೌಕದಲ್ಲಿ ಬಾಗಿ ಬಿಲ್ಲೆ ಎತ್ತಿಕೊಳ್ಳುವಾಗ ಮುಗ್ಗರಿಸಿದಳು. ಹಿಂದಿನಿಂದ ಓಡಿಬಂದು ಹಿಡಿದುಕೊಂಡವಳು ದಿವ್ಯ.

"ನಡುವಿಂದ್ಯಾಕೆ ಬುಟ್ಟೆ ಚಿಕ್ಕವ್ವ?" ಪುಟ್ಟತಾಯಿಯ ದನಿ ಕುಗ್ಗಿತ್ತು.

"ಅದು ನಿಮ್ಮವ್ವನ ಮನೆ ಕಣವ್ವ. ನಾನು ತುಳ್ಯಂಗಿಲ್ಲ." ಉಸಿರು ಸಿಕ್ಕಿದ ಮೇಲೆ ಹೇಳಿದಳು, "ಸಾಯೋವಾಗ ಅವಳು ದುಡೀತಿರ್ಲಿಲ್ಲ."

ಪುಟ್ಟತಾಯಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಮಡಿಲಿನ ಅಕ್ಕಿಯಿಂದ ಒಂದು ಹಿಡಿ ತೆಗೆದು, ದಿವ್ಯಳ ಮುಖ ನೋಡದೆ ಅವಳ ಸೆರಗಿಗೆ ಸುರಿದಳು. ಸಿದ್ದಲಿಂಗಮ್ಮ ಬಿಲ್ಲೆಯನ್ನು ಒರೆಸಿ ಬೈರಮ್ಮನ ತಲೆದೆಸೆಯಲ್ಲಿದ್ದ ಸಂಚಿಗೆ ಹಾಕಿ ದಾರ ಬಿಗಿದಳು.

"ಎತ್ರಪ್ಪಾ" ಎಂದ ನರಸಯ್ಯ ಮೆಲ್ಲಗೆ.

ಚಟ್ಟ ಮೇಲೆದ್ದಿತು. ಮುಂದೆ ಹೆಗಲು ಕೊಟ್ಟಿದ್ದ ಚಲುವರಾಜು ಗೆರೆಗಳ ಹತ್ತಿರ ಬಂದವನು ನಿಂತು, ನಾಲೆಯ ಕಡೆಗೆ ಸರಿದು ಬಳಸಿ ನಡೆದ. ಅವನ ಹಿಂದೆ ಬಂದ ಜನ ಎರಡು ಪಾಲಾಗಿ, ಸೀರೆ ಪಂಚೆ ಎತ್ತಿ ಹಿಡಿದು, ಏರಿಯ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ದಾಟಿದರು. ಯಾರೊಬ್ಬರೂ ಗೆರೆ ತುಳಿಯಲಿಲ್ಲ.